ಬಾದಶಹನ ದಾರಿ, ನಮ್ಮ ಗಾಡಿ

ದಿಲ್ಲಿಗೆ ಬಂದು ನಲವತ್ತು ವರ್ಷ ದಾಟಿತು. ಇನ್ನೂ ಕಾಶ್ಮೀರ ನೋಡಿಲ್ಲ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. "ಅಲ್ಲೇ ಬಾಜೂಕ ಐತಲ್ಲೋ" ಅನ್ನುತ್ತಾನೆ ನಮ್ಮಣ್ಣ. ಕೃಷ್ಣಾ ನದಿ ದಂಡೆಯಲ್ಲಿ ಕೂತು ನೋಡಿದರೆ ದಿಲ್ಲಿ, ಕಾಶ್ಮೀರ ಎಲ್ಲ ಒಂದೇ ಕಡೆ ಕಾಣುತ್ತವೆ, ಅವನ ತಪ್ಪಲ್ಲ!

2025ರ ಬೇಸಿಗೆಗೆ ಹೊರಡಬೇಕೆಂದಿದ್ದೆವು. ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಆ ಹತ್ಯಾಕಾಂಡ ನಡೆಯಿತು, ಮಕ್ಕಳು ಬೇಡವೇ ಬೇಡ ಅಂದರು, ಬಿಟ್ಟೆವು. ಈಗ ಮತ್ತೆ ಊಟದ ಟೇಬಲ್ ಮೇಲೆ ನಕಾಶೆ ಹರಡಿಕೊಂಡು ಕೂತಿದ್ದೇನೆ. ವಿಮಾನದಲ್ಲಿ ಹೋದರೆ ಒಂದೂವರೆ ತಾಸು. ಆದರೆ ನನಗೆ ಗಾಡಿಯಲ್ಲೇ ಹೋಗುವ ಹುಚ್ಚು. ಲುಧಿಯಾನ ದಾಟಿದ ಮೇಲೆ ಸಟ್ಲೆಜ್, ಮುಂದೆ ಬಿಯಾಸ್, ಲಖನಪುರದ ಹತ್ತಿರ ರಾವಿ, ಅಖನೂರಿನಲ್ಲಿ ಚಿನಾಬ್, ಶ್ರೀನಗರದಲ್ಲಿ ಝೇಲಂ. ಪಂಜಾಬಿಗೆ ಹೆಸರು ಕೊಟ್ಟ ಐದೂ ನದಿಗಳನ್ನು ದಾಟಿ ದಾಲ್ ಸರೋವರದ ದಂಡೆಗೆ ಹೋಗಿ ನಿಲ್ಲುವುದು! ಒಟ್ಟು ಒಂಬೈನೂರು ಕಿಲೋಮೀಟರ್ ಆಸುಪಾಸು.

ಈ ಹುಚ್ಚು ಹಿಡಿಸಿದವನು ಒಬ್ಬ ಫ್ರೆಂಚ್ ವೈದ್ಯ, ಫ್ರಾನ್ಸ್ವಾ ಬರ್ನಿಯೇ. ಮೊಗಲ್ ಸರದಾರ ದಾನಿಶ್ಮಂದ್ ಖಾನನ ಆಶ್ರಯದಲ್ಲಿದ್ದವನು. 1664ರ ಡಿಸೆಂಬರ್‌ನಲ್ಲಿ ಔರಂಗಜೇಬ್ ದಿಲ್ಲಿಯಿಂದ ಕಾಶ್ಮೀರಕ್ಕೆ ಹೊರಟಾಗ ಜೊತೆಯಲ್ಲಿ ಹೋಗಿ, ದಾರಿಯುದ್ದಕ್ಕೂ ಪತ್ರ ಬರೆದ. ಅವನು ಕಟ್ಟಿಕೊಂಡ ಸಾಮಾನಿನ ಪಟ್ಟಿಯಲ್ಲಿ ಮೊಸರು ಸೋಸಲು ತೂಗುಹಾಕುವ ಒಂದು ಬಟ್ಟೆಯ ಚೀಲವೂ ಇದೆ! ಓದಿ ನಗು ಬಂತು. ನಮ್ಮನೆಯಲ್ಲಿ ಶ್ರೀಖಂಡಕ್ಕೆ ಕಟ್ಟುವ ಮೊಸರಿನ ಗಂಟೇ ಅಲ್ಲವೇ ಅದು?

ಬಾದಶಹನ ತಯಾರಿ ಮಾತ್ರ ಬೇರೆ. ಅವನಿಗೆ ಎರಡು ಜೊತೆ ಡೇರೆ. ಒಂದರಲ್ಲಿ ಅವನು ಮಲಗಿದ್ದರೆ ಇನ್ನೊಂದು ಮುಂದಿನ ಠಾಣ್ಯಕ್ಕೆ ಹೊರಟಿರುತ್ತಿತ್ತು. ಇದಕ್ಕೆ ಪೇಶ್‌ಖಾನಾ ಎಂದು ಹೆಸರು. ಹೊರಲು ಅರವತ್ತಕ್ಕೂ ಹೆಚ್ಚು ಆನೆ, ಇನ್ನೂರು ಒಂಟೆ, ನೂರು ಹೇಸರಗತ್ತೆ, ನೂರು ಜನ ಹಮಾಲರು ಎಂದು ಬರ್ನಿಯೇ ಲೆಕ್ಕ ಕೊಡುತ್ತಾನೆ. ಬೇಟೆಯಾಡುತ್ತ, ನೀರು ಇರುವ ಕಡೆ ಸುತ್ತುತ್ತ ಲಾಹೋರ್ ಮುಟ್ಟಲು ಎರಡು ತಿಂಗಳು ಹಿಡಿಯಿತು.

ದಿಲ್ಲಿ-ಲಾಹೋರ್ ದಾರಿಯ ಗುರುತುಗಳು ಇನ್ನೂ ಇವೆ. ದಿಲ್ಲಿಯ ಪ್ರಾಣಿಸಂಗ್ರಹಾಲಯದೊಳಗೆ ಒಂದು ಕೋಸ್ ಮಿನಾರ್ ನಿಂತಿದೆ. ಮಕ್ಕಳು ಸಣ್ಣವರಿದ್ದಾಗ ಅದರ ಹತ್ತಿರ ಕೂತು ಬುತ್ತಿ ಬಿಚ್ಚಿದ್ದೆವು. ಅದು ಮೈಲಿಗಲ್ಲು, ಕಾಶ್ಮೀರಕ್ಕೆ ಹೋಗುತ್ತಿದ್ದ ಬಾದಶಹರ ದಾರಿಯದು ಎಂದು ಆಗ ಗೊತ್ತಿರಲಿಲ್ಲ. ಜಲಂಧರ್ ಜಿಲ್ಲೆಯಲ್ಲಿ ನೂರ್ ಜಹಾನ್ ಕಟ್ಟಿಸಿದ ನೂರ್‌ಮಹಲ್ ಸರಾಯಿ ಇದೆ. ಅದನ್ನೂ ಪಟ್ಟಿಗೆ ಸೇರಿಸಿದ್ದೇನೆ.

ಆದರೆ ಹಳೆಯ ದಾರಿಯನ್ನು ಹಾಗೇ ಹಿಡಿಯಲು ಆಗುವುದಿಲ್ಲ. 1947ರಲ್ಲಿ ಅದು ಎರಡು ಕಡೆ ಕಡಿಯಿತು. ಲಾಹೋರ್ ಆಚೆ ಹೋಯಿತು, ಬೆಟ್ಟ ಏರಲು ಶುರುಮಾಡುತ್ತಿದ್ದ ಭಿಂಬರ್ ಕೂಡ ನಿಯಂತ್ರಣ ರೇಖೆಯ ಆಚೆಗೆ ಉಳಿಯಿತು. ನಾವು ಪಠಾಣಕೋಟ್, ಜಮ್ಮು ಸುತ್ತಿ ರಾಜೌರಿಯ ಹತ್ತಿರ ಹಳೆಯ ದಾರಿಯನ್ನು ಕೂಡಿಕೊಳ್ಳಬೇಕು. ಅಲ್ಲಿಂದ ಮುಂದೆ ಬಫ್ಲಿಯಾಜ್‌ನಿಂದ ಶೋಪಿಯಾನ್‌ಗೆ 84 ಕಿಲೋಮೀಟರ್ ರಸ್ತೆ ಇದೆ. ಹೆಸರೇ ಮೊಗಲ್ ರೋಡ್. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರುತ್ತದೆ. ಪೀರ್ ಕಿ ಗಲಿ ಎಂಬ ಘಾಟಿನ ನೆತ್ತಿ ಹನ್ನೊಂದು ಸಾವಿರ ಅಡಿಗೂ ಎತ್ತರ.

ಆನೆ, ಒಂಟೆಗಳಿಗೆ ಈ ಬೆಟ್ಟ ಕಷ್ಟ. ಅದಕ್ಕೇ ಭಿಂಬರ್‌ನಲ್ಲಿ ಹಮಾಲರನ್ನು ಕೂಡಿಹಾಕಿದ್ದರು. ಒಟ್ಟು ಮೂವತ್ತು ಸಾವಿರ ಜನ ಬೇಕಾಗುತ್ತದೆ ಎಂಬ ಅಂದಾಜನ್ನು ಬರ್ನಿಯೇ ಬರೆದಿದ್ದಾನೆ. ಅದರಲ್ಲಿ ಆರು ಸಾವಿರ ಜನ ಬಾದಶಹನೊಬ್ಬನಿಗೇ! ಇಷ್ಟಾಗಿಯೂ ಘಾಟಿನಲ್ಲಿ ಅನಾಹುತವಾಯಿತು. ಜನಾನಾದ ಹೆಂಗಸರನ್ನು ಹೊತ್ತ ಆನೆಗಳ ಸಾಲಿನಲ್ಲಿ ಮುಂದಿನದು ಏರು ನೋಡಿ ಬೆದರಿ ಹಿಂದೆ ಸರಿಯಿತು. ಅದರ ಹಿಂದಿನದು, ಅದರ ಹಿಂದಿನದು... ಹದಿನೈದು ಆನೆಗಳು ಕಂದರಕ್ಕೆ ಉರುಳಿದವು. ಹೆಂಗಸರಲ್ಲಿ ಸತ್ತವರು ಮೂರ್ನಾಲ್ಕು ಜನ, ಆನೆ ಒಂದೂ ಉಳಿಯಲಿಲ್ಲ. ಎರಡು ದಿನದ ಮೇಲೆ ಬರ್ನಿಯೇ ಹಾದುಹೋದಾಗ ಕೆಲವು ಇನ್ನೂ ಸೊಂಡಿಲು ಆಡಿಸುತ್ತಿದ್ದವಂತೆ. ಆ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಜಹಾಂಗೀರನ ಕಥೆ. ಅವನಿಗೆ ಉಬ್ಬಸ. ಕಾಶ್ಮೀರದ ಹವೆ ಹಿತವೆಂದು ಮತ್ತೆ ಮತ್ತೆ ಹೋಗುತ್ತಿದ್ದ. 1627ರಲ್ಲಿ ಹಾಗೆ ಹೋಗಿ ಲಾಹೋರಿಗೆ ಮರಳುವಾಗ ದಾರಿಯಲ್ಲೇ ತೀರಿಕೊಂಡ. ಗೋರಿ ಲಾಹೋರಿನ ಶಾಹದರಾದಲ್ಲಿದೆ. ಆದರೆ ರಾಜೌರಿಗೆ ಮುಂಚೆ ಸಿಗುವ ಚಿಂಗಸ್ ಸರಾಯಿಯಲ್ಲೂ ಒಂದು ಗೋರಿ ಇದೆ. ದೇಹ ಕೆಡದಿರಲೆಂದು ಅವನ ಕರುಳನ್ನು ತೆಗೆದು ಅಲ್ಲಿ ಹೂತರು ಎಂದು ಅಲ್ಲಿನವರು ಹೇಳುತ್ತಾರೆ. ಒಬ್ಬ ಬಾದಶಹ, ಎರಡು ಗೋರಿ. ಈಗ ಎರಡು ದೇಶದಲ್ಲಿ.

ಇದನ್ನೆಲ್ಲ ನಮ್ಮ ಮನೆಯವಳಿಗೆ ಉತ್ಸಾಹದಿಂದ ಓದಿ ಹೇಳಿದೆ. ಅವಳಿಗೂ ಉಬ್ಬಸ. ದಿಲ್ಲಿಯ ಚಳಿಗಾಲದ ಹೊಗೆಯಲ್ಲಿ ಇನ್‌ಹೇಲರ್ ಇಲ್ಲದೆ ಹೊರಗೆ ಕಾಲಿಡುವುದಿಲ್ಲ. ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟಳು. "ಏನ್ರೀ, ಬಾದಶಹನ ದಾರೀಲೇ ಹೋಗೂಣಂತೀರಿ. ಘಾಟದಾಗ ನನಗ ಉಸಿರ ಹತ್ತಿದರ ಹೊತಗೊಂಡ ಇಳ್ಯಾಕ ಮೂವತ್ತ ಸಾವಿರ ಹಮಾಲರನ್ನ ಎಲ್ಲಿಂದ ತರ್ತೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ತಿಂಗಳಿಂದ ದಾರಿ, ಸರಾಯಿ, ಗೋರಿ ಎಲ್ಲ ನೋಡಿದ್ದೆ. ಪಕ್ಕದ ಸೀಟಿನಲ್ಲಿ ಕೂರುವವಳ ಉಸಿರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆ ಆನೆಗಳ ಮೇಲೆ ಕೂತಿದ್ದ ಹೆಂಗಸರನ್ನೂ ಯಾರೂ ಕೇಳಿರಲಿಕ್ಕಿಲ್ಲ.

ಔರಂಗಜೇಬ್ ಮತ್ತೆ ಕಾಶ್ಮೀರಕ್ಕೆ ಹೋಗಲಿಲ್ಲ. 1681ರಲ್ಲಿ ದಖ್ಖನ್ನಿಗೆ ಇಳಿದವನು 1686ರಲ್ಲಿ ನಮ್ಮ ಬಿಜಾಪುರ ಗೆದ್ದ, ತಿರುಗಿ ದಿಲ್ಲಿ ನೋಡಲಿಲ್ಲ. 1695ರಲ್ಲಿ ಇಟಲಿಯ ಜೆಮೆಲ್ಲಿ ಕರೇರಿ ಅವನನ್ನು ಕಂಡದ್ದು ಕೃಷ್ಣೆಯ ದಂಡೆಯ ಗಲಗಲಿಯ ಛಾವಣಿಯಲ್ಲಿ. ನಮ್ಮೂರಿಂದ ಎತ್ತಿನ ಗಾಡಿಯಲ್ಲಿ ಹೋಗಿ ಬರುವಷ್ಟು ದೂರ! ಊರುಗೋಲು ಹಿಡಿದ ಮುದುಕ, ಬಿಳಿ ಬಟ್ಟೆ. ಮೂವತ್ತು ವರ್ಷದ ಹಿಂದೆ ಹಿಮದ ಘಾಟು ದಾಟಿದ್ದವನು ಅವನೇ. ನಾನು ಕೃಷ್ಣೆ ಬಿಟ್ಟು ದಿಲ್ಲಿಗೆ ಬಂದೆ, ಅವನು ದಿಲ್ಲಿ ಬಿಟ್ಟು ಕೃಷ್ಣೆಗೆ ಹೋದ. ಅವನ ಯೋಜನೆಗೆ ಬೇಡ ಅನ್ನುವವರು ಯಾರೂ ಇರಲಿಲ್ಲ. ನನಗೆ ಇದ್ದಾಳೆ, ಪುಣ್ಯ.

ಕೊನೆಗೆ ಅವಳೇ ತೀರ್ಮಾನ ಹೇಳಿದಳು. "ಚಿಂಗಸ್ ನೋಡ್ರಿ, ಘಾಟ ಬ್ಯಾಡ." ಹಾಗಾಗಿ ಚಿಂಗಸ್ ನೋಡಿ ಜಮ್ಮುವಿಗೆ ವಾಪಸ್. ಒಂದು ದಿನ ಹೆಚ್ಚಾಗುತ್ತದೆ, ಆಗಲಿ. ಅಲ್ಲಿಂದ ಹೆದ್ದಾರಿ ಹಿಡಿದು, 2021ರಲ್ಲಿ ಸಂಚಾರಕ್ಕೆ ತೆರೆದ ಬನಿಹಾಲ್-ಖಾಜಿಗುಂಡ್ ಸುರಂಗದಲ್ಲಿ ಪೀರ್ ಪಂಜಾಲ್ ಹೊಟ್ಟೆಯೊಳಗಿಂದ ಎಂಟೂವರೆ ಕಿಲೋಮೀಟರ್ ಹೋದರೆ ಕಣಿವೆ. ಅಲ್ಲೇ ಹತ್ತಿರ ವೆರಿನಾಗ್ ಇದೆ. ಝೇಲಂ ಹುಟ್ಟುವ ಊಟೆ, ಸುತ್ತ ಜಹಾಂಗೀರ್ ಕಟ್ಟಿಸಿದ ಎಂಟು ಮೂಲೆಯ ಹೊಂಡ. ಅಲ್ಲಿ ಬುತ್ತಿ ಬಿಚ್ಚುವುದು, ಆಮೇಲೆ ದಾಲ್.

ಸೆಪ್ಟೆಂಬರ್‌ನಲ್ಲಿ ಹೊರಡುವುದೆಂದು ಗೊತ್ತುಮಾಡಿದ್ದೇವೆ. ವೈದ್ಯರನ್ನು ಒಮ್ಮೆ ಕಾಣಬೇಕು, ರಸ್ತೆಯ ಸುದ್ದಿ ಕೇಳಿಕೊಳ್ಳಬೇಕು. ಇನ್‌ಹೇಲರ್ ಎರಡು ಇಟ್ಟುಕೊಳ್ಳಬೇಕು. ಮೊಸರು ಕಟ್ಟುವ ಬಟ್ಟೆಯನ್ನು ಅವಳು ಆಗಲೇ ಒಗೆದು ಇಟ್ಟಿದ್ದಾಳೆ.