ಫಾರ್ಮಸಿ ಓದಬೇಕಾ? ಕಾಲೇಜಿಗೆ ಫೀಸ್ ಕಟ್ಟುವ ಮುಂಚೆ ಇಷ್ಟು ಗೊತ್ತಿರಲಿ

ಬೆಂಗಳೂರು: ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತ ಹೊಸ ಬಡಾವಣೆ ಬಂದ ಕಡೆಯೆಲ್ಲ ಮೆಡಿಕಲ್ ಸ್ಟೋರ್ ಬರುತ್ತದೆ. ಪಿಯುಸಿ ಮುಗಿಸಿದ ಮಕ್ಕಳನ್ನು ಫಾರ್ಮಸಿಗೆ ಸೇರಿಸೋಣ ಎನ್ನುವ ಮನೆಗಳೂ ಇಲ್ಲಿ ಕಡಿಮೆ ಇಲ್ಲ. ಆದರೆ ಮಾನ್ಯತೆ ಇಲ್ಲದ ಕಾಲೇಜಿಗೆ ಸೇರಿದರೆ ಫೀಸೂ ಹೋಯ್ತು, ವರ್ಷಗಳೂ ಹೋದವು. ಕೈಯಲ್ಲಿ ಸರ್ಟಿಫಿಕೇಟ್ ಇದ್ದರೂ ಫಾರ್ಮಸಿಸ್ಟ್ ಎಂದು ನೋಂದಣಿ ಆಗುವುದಿಲ್ಲ.

ಯಾರು ಸೇರಬಹುದು?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ ಓದಿರಬೇಕು. ಕಾಮರ್ಸ್, ಆರ್ಟ್ಸ್ ಓದಿದವರಿಗೆ ಅವಕಾಶ ಇಲ್ಲ. ನೀಟ್ ಬೇಕಿಲ್ಲ. ಬಿ.ಫಾರ್ಮಾ ಮತ್ತು ಫಾರ್ಮ್.ಡಿ ಸರ್ಕಾರಿ ಕೋಟಾ ಸೀಟುಗಳನ್ನು ಸಿಇಟಿ ಮೂಲಕ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ.

ಯಾವ ಕೋರ್ಸ್, ಯಾವ ಕೆಲಸಕ್ಕೆ?

* ಡಿ.ಫಾರ್ಮಾ: 2 ವರ್ಷದ ಓದು. ಆಮೇಲೆ ಆಸ್ಪತ್ರೆ ಅಥವಾ ಮೆಡಿಕಲ್ ಸ್ಟೋರ್‌ನಲ್ಲಿ ಕನಿಷ್ಠ 3 ತಿಂಗಳಲ್ಲಿ 500 ಗಂಟೆ ತರಬೇತಿ. ಸ್ವಂತ ಮೆಡಿಕಲ್ ಸ್ಟೋರ್ ಇಡುವವರಿಗೆ ಇಷ್ಟು ಸಾಕು. 2022ರಲ್ಲಿ ಬಂದ ನಿಯಮದ ಪ್ರಕಾರ ಡಿ.ಫಾರ್ಮಾದವರಿಗೆ ಎಕ್ಸಿಟ್ ಪರೀಕ್ಷೆಯೂ ಇದೆ. 3 ಪೇಪರ್, ಪ್ರತಿಯೊಂದರಲ್ಲೂ ಶೇ 50 ಅಂಕ ಬೇಕು.

* ಬಿ.ಫಾರ್ಮಾ: 4 ವರ್ಷ, 8 ಸೆಮಿಸ್ಟರ್. ಔಷಧ ಕಾರ್ಖಾನೆ ಕೆಲಸಕ್ಕೆ ಇದೇ ಸರಿ. ಪೀಣ್ಯದಲ್ಲಿ ಸರ್ಕಾರಿ ಸ್ವಾಮ್ಯದ ಕರ್ನಾಟಕ ಆಂಟಿಬಯೋಟಿಕ್ಸ್ ಇದೆ, ಎಲೆಕ್ಟ್ರಾನಿಕ್ ಸಿಟಿ ಕಡೆ ಬಯೋಕಾನ್ ಇದೆ. ಮಾತ್ರೆ, ಇಂಜೆಕ್ಷನ್ ತಯಾರಿಕೆಯ ಉಸ್ತುವಾರಿಗೆ ನಿಯಮದಲ್ಲಿ ಹೇಳಿರುವ ಅರ್ಹತೆಗಳಲ್ಲಿ ಫಾರ್ಮಸಿ ಪದವಿ ಜೊತೆ 18 ತಿಂಗಳ ಅನುಭವ ಒಂದು. ಬರೀ ಡಿ.ಫಾರ್ಮಾ ಆ ಪಟ್ಟಿಯಲ್ಲಿಲ್ಲ. ಡಿ.ಫಾರ್ಮಾ ಮುಗಿಸಿದವರು ಬಿ.ಫಾರ್ಮಾ 2ನೇ ವರ್ಷಕ್ಕೆ ನೇರವಾಗಿ ಸೇರಬಹುದು.

* ಫಾರ್ಮ್.ಡಿ: 5 ವರ್ಷ ಓದು, 1 ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ದೊಡ್ಡ ಆಸ್ಪತ್ರೆಗಳ ಕ್ಲಿನಿಕಲ್ ಫಾರ್ಮಸಿಸ್ಟ್ ಕೆಲಸ, ಔಷಧದ ಅಡ್ಡಪರಿಣಾಮಗಳ ಮಾಹಿತಿ ನೋಡುವ ಕಂಪನಿ ಕೆಲಸಕ್ಕೆ ಹೊಂದುತ್ತದೆ. ಇದನ್ನು ಓದಿದವರು ಚಿಕಿತ್ಸೆ ಕೊಡುವ ವೈದ್ಯರಲ್ಲ. ಬರೀ ಅಂಗಡಿ ಇಡಲು 6 ವರ್ಷ ಓದುವ ಅಗತ್ಯ ಇಲ್ಲ.

ಕಾಲೇಜಿನಲ್ಲಿ ಏನು ಕೇಳಬೇಕು?

ಮೊದಲು ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಪಿಸಿಐ ವೆಬ್‌ಸೈಟ್‌ನಲ್ಲಿ ಕಾಲೇಜಿನ ಹೆಸರು ಹುಡುಕಬೇಕು. ಹೆಸರು ಇದ್ದರೆ ಸಾಲದು; ಸೇರುವ ಕೋರ್ಸ್, ಆ ವರ್ಷ, ಸೀಟುಗಳ ಸಂಖ್ಯೆ ಮೂರೂ ಹೊಂದಬೇಕು. ಒಂದೇ ಕಾಲೇಜಿನಲ್ಲಿ ಬಿ.ಫಾರ್ಮಾಕ್ಕೆ ಮಾನ್ಯತೆ ಇದ್ದು ಡಿ.ಫಾರ್ಮಾಕ್ಕೆ ಇಲ್ಲದಿರಬಹುದು.

ಹೊಸ ಕಾಲೇಜಾದರೆ ಇನ್ನೊಂದು ವಿಷಯ. ಕೋರ್ಸ್ ನಡೆಸಲು ಅನುಮತಿ ಬೇರೆ, ಫಾರ್ಮಸಿ ಕಾಯ್ದೆ 1948ರ ಸೆಕ್ಷನ್ 12ರ ಮಾನ್ಯತೆ ಬೇರೆ. ನೋಂದಣಿಗೆ ಬೇಕಾಗಿದ್ದು ಎರಡನೆಯದು. ಎರಡರ ಪತ್ರವನ್ನೂ ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಫಾರ್ಮ್.ಡಿ ಆದರೆ ಯಾವ ಆಸ್ಪತ್ರೆಯಲ್ಲಿ ತರಬೇತಿ ಎಂದು ಕೇಳಬೇಕು. 300 ಹಾಸಿಗೆಯ ಆಸ್ಪತ್ರೆ ಇರಲೇಬೇಕು.

"ಕ್ಲಾಸಿಗೆ ಬರೋದೇ ಬೇಡ, ಪರೀಕ್ಷೆಗೆ ಬಂದ್ರೆ ಸಾಕು" ಅನ್ನುವ ಏಜೆಂಟರ ಮಾತಿಗೆ ಮರುಳಾಗಬಾರದು. ಡಿ.ಫಾರ್ಮಾಕ್ಕೆ ಶೇ 75, ಬಿ.ಫಾರ್ಮಾಕ್ಕೆ ಶೇ 80 ಹಾಜರಾತಿ ಕಡ್ಡಾಯ. ಮನೆಯಲ್ಲೇ ಕೂತು ಅಂಚೆ ಮೂಲಕ ಓದುವ ಕೋರ್ಸ್ ಇದಲ್ಲ.

ಫೀಸ್ ಹೊರೆ ಅನ್ನಿಸಿದವರು ಸುಬ್ಬಯ್ಯ ಸರ್ಕಲ್ ಬಳಿಯ ಸರ್ಕಾರಿ ಫಾರ್ಮಸಿ ಕಾಲೇಜನ್ನು ಮೊದಲು ವಿಚಾರಿಸುವುದು ಒಳ್ಳೇದು. ಅಲ್ಲಿ ಡಿಪ್ಲೊಮಾ, ಪದವಿ ಎರಡೂ ಇವೆ.

ಅಂಗಡಿ ಇಡುವವರಿಗೆ

ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಚಿಲ್ಲರೆ ಮೆಡಿಕಲ್ ಸ್ಟೋರ್ ಲೈಸೆನ್ಸ್‌ಗೆ ಕನಿಷ್ಠ 10 ಚದರ ಮೀಟರ್ ಜಾಗ ಮತ್ತು ನೋಂದಾಯಿತ ಫಾರ್ಮಸಿಸ್ಟ್ ಬೇಕು. ಡಾಕ್ಟರ್ ಚೀಟಿಯ ಔಷಧವನ್ನು ಆ ಫಾರ್ಮಸಿಸ್ಟ್ ಎದುರಿಗಿದ್ದೇ ಕೊಡಿಸಬೇಕು. ಬೇರೆಯವರ ಸರ್ಟಿಫಿಕೇಟ್ ಬಾಡಿಗೆಗೆ ತಂದು ಗೋಡೆಗೆ ಹಾಕಿಕೊಂಡರೆ, ತಪಾಸಣೆಯಲ್ಲಿ ಸಿಕ್ಕಿಬಿದ್ದಾಗ ಲೈಸೆನ್ಸ್ ಅಮಾನತು ಇಲ್ಲವೇ ರದ್ದಾಗಬಹುದು. ಹಾಕಿದ ಬಂಡವಾಳ ಅಂಗಡಿ ಮಾಲೀಕರದ್ದೇ ಅಲ್ಲವೇ?

ಹೋಲ್‌ಸೇಲ್ ವ್ಯಾಪಾರಕ್ಕೆ ಮಾತ್ರ ಸ್ವಲ್ಪ ಸಡಿಲಿಕೆ ಇದೆ. ಫಾರ್ಮಸಿಸ್ಟ್ ಇಲ್ಲದಿದ್ದರೂ ಔಷಧ ಮಾರಾಟದಲ್ಲಿ 4 ವರ್ಷ ಅನುಭವ ಇರುವ ಎಸ್ಎಸ್ಎಲ್‌ಸಿ ಪಾಸಾದವರು, ಇಲ್ಲವೇ 1 ವರ್ಷ ಅನುಭವ ಇರುವ ಪದವೀಧರರು ಸಾಕು. ಚಿಲ್ಲರೆ ಅಂಗಡಿಯೇ ಇಡಬೇಕು ಅನ್ನುವ ಮನೆಯಲ್ಲಿ ಒಬ್ಬರು ಮಾನ್ಯತೆ ಇರುವ ಕಾಲೇಜಿನಲ್ಲಿ ಡಿ.ಫಾರ್ಮಾ ಓದಿದರೆ, ಬಾಡಿಗೆ ಸರ್ಟಿಫಿಕೇಟಿನ ಭಯವೇ ಇರುವುದಿಲ್ಲ.