ರೇಷ್ಮೆಹುಳು ತಲೆಯಾಡಿಸುವ ಲಯ ಎಲ್ಲಿಂದ?

ಹಣ್ಣಾದ ರೇಷ್ಮೆಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನ ಅದಕ್ಕೆ ಒಂದೇ ಕೆಲಸ. ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತ ನೂಲು ಬಿಡುವುದು. ಬೈವೋಲ್ಟೀನ್ ತಳಿಯ ಗೂಡಾದರೆ ಆ ನೂಲು ಸುಮಾರು ಒಂದು ಕಿಲೋಮೀಟರ್ ಉದ್ದ. ಚಾಮರಾಜನಗರ, ಸಂತೇಮರಹಳ್ಳಿ, ಕೊಳ್ಳೇಗಾಲದ ರೇಷ್ಮೆ ಬೆಳೆಗಾರರಿಗೆ ಇದರಲ್ಲಿ ಹೊಸದೇನಿಲ್ಲ. ಆದರೆ ಇಂಥ ಲಯ ಪ್ರಾಣಿಯ ಮೈಯಲ್ಲಿ ಎಲ್ಲಿ ಹುಟ್ಟುತ್ತದೆ ಎಂಬುದರ ಮೇಲೆ ವಿಜ್ಞಾನಿಗಳು ದಶಕಗಳ ಕಾಲ ಜಗಳಾಡಿದ್ದಾರೆ.

ಒಂದು ಚಲನೆಯ ಸಂವೇದನೆಯೇ ಮುಂದಿನ ಚಲನೆಯನ್ನು ಎಬ್ಬಿಸುತ್ತದೆ, ಹೀಗೆ ಸರಪಳಿ ಸಾಗುತ್ತದೆ ಎಂಬುದು ಹಳೆಯ ನಂಬಿಕೆ. 1911ರಲ್ಲಿ ಥಾಮಸ್ ಗ್ರಹಾಂ ಬ್ರೌನ್ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ, ಕಾಲಿನ ಸಂವೇದನೆ ಇಲ್ಲದೆಯೂ ಬೆನ್ನುಹುರಿ ತಾನೇ ನಡಿಗೆಯ ಲಯ ಹುಟ್ಟಿಸಬಲ್ಲದು ಎಂದು ತೋರಿಸಿದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ.

ವಾದದ ದಿಕ್ಕು ತಿರುಗಿಸಿದ್ದು ಒಂದು ಮಿಡತೆ. ಗುಂಡ್ಲುಪೇಟೆಯ ಜೋಳದ ಹೊಲದಲ್ಲಿ ಕಾಲಿಟ್ಟರೆ ಚಿಮ್ಮುವ ಮಿಡತೆಗಳ ನೆಂಟ, ಮರುಭೂಮಿಯ ಮಿಡತೆ. 1961ರಲ್ಲಿ ಡೊನಾಲ್ಡ್ ವಿಲ್ಸನ್ ಅದರ ರೆಕ್ಕೆಯಿಂದ ಸುದ್ದಿ ತರುವ ನರಗಳನ್ನು ಕತ್ತರಿಸಿದರು. ಆದರೂ ಹಾರಾಟದ ಲಯ ನಿಲ್ಲಲಿಲ್ಲ; ವೇಗ ಮಾತ್ರ ಸುಮಾರು ಅರ್ಧಕ್ಕೆ ಇಳಿಯಿತು. ಲಯ ನರಮಂಡಲದ ಒಳಗೇ ಇದೆ ಎಂದು ಎಲ್ಲರೂ ಸಂಭ್ರಮಿಸಿದರು. ವೇಗ ಯಾಕೆ ಅರ್ಧವಾಯಿತು ಎಂಬ ಪ್ರಶ್ನೆ ಮೂಲೆಗೆ ಸರಿಯಿತು. ನನ್ನ ಮಟ್ಟಿಗೆ ಆ ಪ್ರಯೋಗದ ಹೆಚ್ಚು ಸ್ವಾರಸ್ಯದ ಭಾಗ ಅದೇ. ಎಂಬತ್ತರ ದಶಕದಲ್ಲಿ ಕೀರ್ ಪಿಯರ್ಸನ್ ಮತ್ತಿತರರು ಆ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡು, ರೆಕ್ಕೆಯ ಬುಡದ ಸಂವೇದಕಗಳು ಬಡಿತ ಬಡಿತಕ್ಕೂ ಲಯವನ್ನು ತಿದ್ದುತ್ತವೆ ಎಂದು ತೋರಿಸಿದರು.

ಲಯ ನರಮಂಡಲದ ಒಳಗೇ ಹುಟ್ಟಬಲ್ಲದು ಎಂಬುದು ರೇಷ್ಮೆಹುಳುವಿನ ದೂರದ ಬಂಧುವಾದ ತಂಬಾಕು ಕಂಬಳಿಹುಳದಲ್ಲೂ ಕಂಡಿತು. 1996ರಲ್ಲಿ ಅದರ ನರಹುರಿಯನ್ನು ದೇಹದಿಂದ ಬೇರ್ಪಡಿಸಿ ಪೈಲೋಕಾರ್ಪೀನ್ ಎಂಬ ರಾಸಾಯನಿಕ ಹಾಕಿದಾಗ, ಕಾಲೂ ಇಲ್ಲದ ನೆಲವೂ ಇಲ್ಲದ ಆ ಹುರಿಯಲ್ಲಿ ತೆವಳುವಿಕೆಯ ಸಂಕೇತಗಳು ಓಡಿದವು.

ಅಷ್ಟರಲ್ಲಿ ಏಡಿಯ ಹೊಟ್ಟೆ ಬೇರೆಯೇ ಪಾಠ ಹೇಳತೊಡಗಿತ್ತು. ಏಡಿ ಆಹಾರವನ್ನು ಹೊಟ್ಟೆಯೊಳಗೂ ಅಗಿಯುತ್ತದೆ. ಅದನ್ನು ನಡೆಸುವುದು ಸುಮಾರು ಮೂವತ್ತು ನರಕೋಶಗಳು. ಅಷ್ಟೇ ಕೋಶಗಳ ಜಾಲ ಬೇರೆ ಬೇರೆ ರಾಸಾಯನಿಕಗಳ ಪ್ರಭಾವದಲ್ಲಿ ಬೇರೆ ಬೇರೆ ಲಯ ಹಿಡಿಯುತ್ತದೆ ಎಂದು ಈವ್ ಮಾರ್ಡರ್ ಮತ್ತಿತರರು ಕಂಡುಕೊಂಡರು. 2004ರಲ್ಲಿ ಮಾರ್ಡರ್ ತಂಡ ಕಂಪ್ಯೂಟರಿನಲ್ಲಿ ಎರಡು ಕೋಟಿಗೂ ಹೆಚ್ಚು ಮಾದರಿ ಜಾಲಗಳನ್ನು ಓಡಿಸಿ ನೋಡಿತು. ಒಳಗಿನ ಜೋಡಣೆ ತೀರಾ ಬೇರೆಯಾಗಿದ್ದರೂ ಹೊರಗೆ ಬರುವ ಲಯ ಒಂದೇ ಆಗಿರಬಹುದು ಎಂದಾಯಿತು. ಜಾಲದ ನಕ್ಷೆ ಸಿಕ್ಕರೆ ಎಲ್ಲ ತಿಳಿದಂತೆ ಎನ್ನುವವರ ಉತ್ಸಾಹಕ್ಕೆ ಇದು ತಣ್ಣೀರು.

ಮಾರ್ಡರ್ ಪ್ರಯೋಗಾಲಯದಲ್ಲೇ ಪಿಎಚ್‌ಡಿ ಮಾಡಿದ ವತ್ಸಲಾ ತಿರುಮಲೈ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಜೀಬ್ರಾಮೀನಿನ ಮರಿಗಳ ಈಜನ್ನು ಅಭ್ಯಸಿಸುತ್ತ ಬಂದಿದ್ದಾರೆ. ಅದೇ ಸಂಸ್ಥೆಯ ಗೈತಿ ಹಸನ್ ತಂಡ 2004ರಲ್ಲಿ, ನರಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆ ಮಾಡುವ ಪ್ರೋಟೀನು ಕೆಟ್ಟರೆ ಹಣ್ಣುನೊಣ ಹಾರಲಾರದು, ಹಾರಾಟದ ನರಲಯವೂ ಇಲ್ಲವಾಗುತ್ತದೆ ಎಂದು ತೋರಿಸಿತು. ಲಯ ಕೋಶಗಳ ನಡುವಿನ ಸಂಪರ್ಕದ ಮಾತಷ್ಟೇ ಅಲ್ಲ, ಕೋಶದೊಳಗಿನ ರಸಾಯನದ ಮಾತೂ ಹೌದು. 2015ರಲ್ಲಿ ಅಲ್ಲಿಯ ಸಂಜಯ್ ಸಾನೆ ತಂಡ ಮತ್ತೂ ಮುಂದೆ ಹೋಯಿತು: ನೊಣದ ಎರಡು ರೆಕ್ಕೆಗಳನ್ನೂ ಅವುಗಳ ಹಿಂದಿನ ಪುಟ್ಟ ಸಮತೋಲನದ ಕಡ್ಡಿಗಳನ್ನೂ ಒಂದೇ ಲಯದಲ್ಲಿ ಇಡುವುದು ನರವಲ್ಲ, ಎದೆಭಾಗದ ಕವಚದೊಳಗಿನ ಯಾಂತ್ರಿಕ ಕೊಂಡಿಗಳು. ನೊಣದ ರೆಕ್ಕೆ ಸೆಕೆಂಡಿಗೆ ನೂರಾರು ಸಲ ಬಡಿಯುವಾಗ ನರ ಅಷ್ಟು ವೇಗವಾಗಿ ಮಿಡಿಯುವುದೂ ಇಲ್ಲ. ಲಯ ಹುಟ್ಟುವುದು ನರಮಂಡಲದ ಕೇಂದ್ರದಲ್ಲೋ ಸಂವೇದನೆಯ ಅಂಚಿನಲ್ಲೋ ಎಂಬ ಹಳೆಯ ಜಗಳವೇ ತಪ್ಪು ಪ್ರಶ್ನೆಯಾಗಿತ್ತು.

ಈ ಚರಿತ್ರೆಯಲ್ಲಿ ಮಿಡತೆ, ಏಡಿ, ನೊಣಗಳಿಗೆ ಸಿಕ್ಕ ಮರ್ಯಾದೆ ನಮ್ಮ ರೇಷ್ಮೆಹುಳುವಿಗೂ ಸಿಗಬೇಕು. ಚಾಮರಾಜನಗರ, ಗುಂಡ್ಲುಪೇಟೆಯ ಕಾಲೇಜುಗಳ ಪ್ರಾಣಿಶಾಸ್ತ್ರ ಮೇಷ್ಟರುಗಳಲ್ಲಿ ಒಂದು ಕೋರಿಕೆ: ಮುಂದಿನ ಬೆಳೆಯಲ್ಲಿ ಹುಡುಗರನ್ನು ಒಂದು ಚಂದ್ರಿಕೆಯ ಮುಂದೆ ಕೂರಿಸಿ, ಮೊಬೈಲಿನಲ್ಲಿ ಚಿತ್ರೀಕರಿಸಿ, ಬೆಳಗಿನ ತಂಪಿನಲ್ಲೂ ಮಧ್ಯಾಹ್ನದ ಸೆಕೆಯಲ್ಲೂ ಹುಳು ನಿಮಿಷಕ್ಕೆ ಎಷ್ಟು ಸಲ ತಲೆಯಾಡಿಸುತ್ತದೆ ಎಂದು ಎಣಿಸಲು ಹೇಳಿ, ಲಯ ಬದಲಾಗುತ್ತದೆಯೇ ನೋಡಿ.