ನೂಲುವ ಕೈಗೆ ನ್ಯಾಯದ ಕೂಲಿ



ತಿರುಪ್ಪೂರು ಎಂದೊಡನೆ ನಿಮಗೆ ನೆನಪಾಗುವುದು ಬನಿಯನ್. ಹಿರಿಯರಿಗೆ, 1932ರ ಜನವರಿಯಲ್ಲಿ ಬಾವುಟ ಹಿಡಿದೇ ಲಾಠಿ ಏಟು ತಿಂದು ಪ್ರಾಣಬಿಟ್ಟ ಕುಮಾರನ್ ಕೂಡ ನೆನಪಾಗಬಹುದು. ಅದೇ ಊರಿಗೆ ಸೇರಿದ, ಕೂಲಿಯ ಲೆಕ್ಕದ ಕಥೆಯೊಂದನ್ನು ಇಂದು ಕೇಳಿ.

ತಿರುಪ್ಪೂರು ಆಗ ಕೊಯಮತ್ತೂರು ಜಿಲ್ಲೆಯ ಊರು. ನಮ್ಮ ಕೊಳ್ಳೇಗಾಲವೂ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಅದೇ ಜಿಲ್ಲೆಯಲ್ಲಿತ್ತು. ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರು ಇಂದಿಗೂ ಆ ಸೀಮೆಯಲ್ಲಿದ್ದಾರೆ. ಹಾಗಾಗಿ ಇದು ಪರರ ಕಥೆಯಲ್ಲ.

1925ರಲ್ಲಿ ಅಖಿಲ ಭಾರತ ಚರಕಾ ಸಂಘ ಹುಟ್ಟಿತು. ತಿರುಪ್ಪೂರು ತಮಿಳುನಾಡಿನ ಖಾದಿಯ ದೊಡ್ಡ ಕೇಂದ್ರವಾಯಿತು. ಆದರೆ ಗಿರಣಿ ಬಟ್ಟೆಯ ಪೈಪೋಟಿಯೆದುರು ಖಾದಿ ಅಗ್ಗವಾಗಿರಬೇಕಿತ್ತು. ಆ ಅಗ್ಗದ ಭಾರ ಬಿದ್ದದ್ದು ನೂಲುವ ಹೆಂಗಸರ ಮೇಲೆ. ದಿನವಿಡೀ ನೂತರೂ ಅವರ ಹೊಟ್ಟೆ ತುಂಬುತ್ತಿರಲಿಲ್ಲ.

1935ರಲ್ಲಿ ಗಾಂಧೀಜಿ ಈ ಲೆಕ್ಕವನ್ನೇ ತಿರುಗಿಸಿದರು. ಮೊದಲು ನೂಲುವವರ ಜೀವನಕ್ಕೆ ಸಾಲುವ ಕೂಲಿ ಗೊತ್ತುಮಾಡಿ, ಬಟ್ಟೆಯ ಬೆಲೆ ಆಮೇಲೆ ಎಂದರು. ಎಂಟು ಗಂಟೆಯ ಒಳ್ಳೆಯ ಕೆಲಸಕ್ಕೆ ಎಂಟಾಣೆ ಎಂಬುದು ಅವರ ಆಸೆ. ಖಾದಿ ತುಟ್ಟಿಯಾದರೆ ಕೊಳ್ಳುವವರು ಯಾರೆಂದು ಕಾರ್ಯಕರ್ತರೇ ಅಂಜಿದರು. ಕೂಲಿ ಎಂಟಾಣೆಗೆ ಏರಲಿಲ್ಲ, ನಿಜ. ಆದರೂ ಕನಿಷ್ಠ ಕೂಲಿಯ ನಿಯಮವನ್ನು ಸಂಘ ಒಪ್ಪಿಕೊಂಡಿತು.

ಈಗ ಕಡಲಾಚೆ ನೋಡೋಣ. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳ ಬಟ್ಟೆಯನ್ನೇ ನಮ್ಮವರು ಬಹಿಷ್ಕರಿಸಿದ್ದು. ಕೆಲಸ ಕಳೆದುಕೊಂಡ ಅಲ್ಲಿನ ಕಾರ್ಮಿಕರನ್ನು ಗಾಂಧೀಜಿ 1931ರಲ್ಲಿ ಖುದ್ದಾಗಿ ಕಂಡು ಬಂದಿದ್ದರು. ಅದೇ ಲ್ಯಾಂಕಾಶೈರಿನ ಗಾರ್ಸ್ಟಾಂಗ್ ಎಂಬ ಹಳೆಯ ಸಂತೆಯೂರು 2000ದಲ್ಲಿ, ತಾನು ಜಗತ್ತಿನ ಮೊದಲ 'ನ್ಯಾಯ ವ್ಯಾಪಾರದ ಊರು' ಎಂದು ಸಾರಿತು. ಬಡ ದೇಶಗಳ ಬೆಳೆಗಾರರಿಗೆ ನ್ಯಾಯವಾದ ಬೆಲೆ ಸಲ್ಲುವ ಸರಕನ್ನೇ ಅಂಗಡಿ, ಶಾಲೆ, ಚರ್ಚುಗಳು ಬಳಸಬೇಕೆಂಬುದು ಅದರ ಸಂಕಲ್ಪ. 2005ರಲ್ಲಿ ಬ್ರಿಟನ್ನಿನ ಹತ್ತಿ ಬಟ್ಟೆಗೂ ಆ ಗುರುತು ಬಂತು.

ಆದರೆ ಒಂದು ಮಾತು ಗಮನಿಸಿ. ಹತ್ತಿಯ ಮೇಲಿನ ಆ ಗುರುತು ಮುಖ್ಯವಾಗಿ ಕಾಯುವುದು ಹತ್ತಿ ಬೆಳೆದ ರೈತನನ್ನು. ನೂಲುವವರಿಗೆ, ಹೊಲಿಯುವವರಿಗೆ ಬೇರೆ ನಿಯಮ ಬರಲು 2016ರವರೆಗೆ ಕಾಯಬೇಕಾಯಿತು. ಚರಕಾ ಸಂಘ 1935ರಲ್ಲೇ ಹಿಡಿದದ್ದು ಈ ಮಧ್ಯದ ಕೈಗಳ ಪ್ರಶ್ನೆಯನ್ನು.

ಇಂದು ತಿರುಪ್ಪೂರಿನ ಉಡುಪು ಹಡಗು ಹತ್ತಿ ದೂರದ ದೇಶಗಳಿಗೆ ಹೋಗುತ್ತದೆ. ಗಡಿಯ ನಮ್ಮ ಹಳ್ಳಿಗಳಿಂದಲೂ ಮಕ್ಕಳು ಗಿರಣಿ ಕೆಲಸಕ್ಕೆ ಹೋಗುತ್ತಾರೆ. ಅಂಗಡಿಯಲ್ಲಿ ನಾವು ಬೆಲೆ ಚೌಕಾಸಿ ಮಾಡುತ್ತೇವೆ, ತಪ್ಪಲ್ಲ. ಇಳಿದ ಆ ಎರಡು ರೂಪಾಯಿ ಯಾರ ಕೂಲಿಯಿಂದ ಇಳಿಯಿತು ಎಂದು ಕೇಳುವುದನ್ನೂ ಕಲಿಯೋಣ.